ತಳ್ಳುಕೋಲಿಗೆ ಕುಂಕುಮ

ಚೊಕ್ಕಟವಾಗಿ ಗುಡಿಸಿದ ಜಾಗ ಕಂಡರೆ ಎಲ್ಲರಿಗೂ ಸಂತೋಷವಾಗುತ್ತದೆ, ನನಗೆ ಸಿಟ್ಟು ಬರುತ್ತದೆ. ಇದು ಹುಟ್ಟುಗುಣವಲ್ಲ, ಮದರಾಸಿಗೆ ಬಂದ ಮೇಲೆ ಅಂಟಿದ್ದು. ಅಕ್ಕ ಪೊರಕೆ ಹಿಡಿದರೆ ಸಾಕು, ನಾನು ಅವಳ ಹಿಂದೆಯೇ ಹೋಗಿ ಕಸದ ರಾಶಿಯಲ್ಲಿ ಏನೇನು ಹೋಗುತ್ತಿದೆ ಎಂದು ಬಗ್ಗಿ ನೋಡುತ್ತೇನೆ. "ನಿನಗೆ ಹೆಣ್ಣು ಸಿಗದೆ ಇರುವುದು ಇದಕ್ಕೇ ವಾಸು, ಕಸ ಹೆಕ್ಕುವವನಿಗೆ ಯಾರು ಕೊಡ್ತಾರೆ" ಎಂದು ಅವಳು ಹೇಳುವುದುಂಟು. ಹೇಳಲಿ. ನಾನು ಕಂಡದ್ದನ್ನು ಅವಳೂ ಹತ್ತಿರದಿಂದ ಕಂಡಿದ್ದರೆ ಅವಳೂ ಬಗ್ಗಿ ನೋಡುತ್ತಿದ್ದಳು. ಆ ಹೊತ್ತಿಗೆ ಅವಳು ಹಿತ್ತಲಿನಲ್ಲಿ ಕಾಫಿ ಸೋಸುತ್ತಿದ್ದಳು. ನಾನು ಗರಗಸದ ಮಿಷನ್ನಿನಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ಆದ್ದರಿಂದ ಹೇಳುವ ಹಕ್ಕು ನನಗಿದೆ. ಕಂಡಷ್ಟನ್ನೇ ಹೇಳುತ್ತೇನೆ.

ಅಕ್ಕನ ಗಂಡ, ಅಂದರೆ ನನ್ನ ಭಾವ, ತಿರುವೊಟ್ಟಿಯೂರಿನ ಹತ್ತಿರ ಮರಗೆಲಸದ ಶಾಪು ಇಟ್ಟಿದ್ದಾರೆ. ಮದರಾಸಿನಲ್ಲಿ ನಮ್ಮ ಕಡೆಯವರು ಹೋಟೆಲು ತೆರೆದರೆ ಇಡ್ಲಿಗೆ ಅಕ್ಕಿ ಬೇರೆಯವರಿಂದ ತಂದಾರು, ಮೇಜು ಕುರ್ಚಿ ಭಾವನಿಂದಲೇ. ನಾನು ಅಲ್ಲಿ ಮೇಲ್ವಿಚಾರಣೆಗೆ ಇದ್ದೇನೆ. ಶಾಪು ನೋಡಲು ಬಂದವರೆಲ್ಲ ಮೊದಲು ನೋಡುವುದು ದೊಡ್ಡ ಗರಗಸಗಳನ್ನು, ಉಳಿಗಳ ಸಾಲನ್ನು, ಹಿತ್ತಾಳೆ ಪಟ್ಟಿ ಬಡಿದ ಕೀಸುಳಿಯನ್ನು. "ಅಬ್ಬ, ಎಷ್ಟು ಹತಾರ" ಎನ್ನುತ್ತಾರೆ. ಅವುಗಳ ಪಕ್ಕದಲ್ಲೇ ಬಿದ್ದಿರುವ ವಸ್ತುಗಳ ಮೇಲೆ ಕಾಲಿಟ್ಟು ನಡೆಯುತ್ತಾರೆ. ಹರಿದ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿದ ಪಟ್ಟಿಗಳಿವೆ. ಕುರ್ಚಿಯ ಕಾಲಿಗೆ ಅಂಟು ಹಚ್ಚಿ ಈ ಪಟ್ಟಿಯನ್ನು ಎಳೆದು ಸುತ್ತಿದರೆ ಬೆಳಗಾಗುವವರೆಗೆ ಹಿಡಿದ ಹಿಡಿತ ಬಿಡುವುದಿಲ್ಲ. ಬಾಗಿದ ಕುರ್ಚಿಯ ಬೆನ್ನಿಗೆ ಬಿಗಿಹಿಡಿಯುವ ಕಬ್ಬಿಣದ ಪಟ್ಟು ಕೂರುವುದಿಲ್ಲ, ಟ್ಯೂಬು ಕೂರುತ್ತದೆ. ಒಡೆದ ಕಿಟಕಿಯ ಗಾಜಿನ ಚೂರುಗಳಿವೆ. ಕೀಸುಳಿ ತೆಗೆಯಲಾರದ ಸಿಬಿರನ್ನು ಅವು ಹೆರೆದು ತೆಗೆಯುತ್ತವೆ. ಒಂದೇ ಅಳತೆಯ ಎರಡು ನೇರ ಕಡ್ಡಿಗಳಿವೆ. ಹಲಗೆಯ ಎರಡು ತುದಿಗೆ ಅವನ್ನಿಟ್ಟು ಒಂದರ ಮೇಲಿಂದ ಇನ್ನೊಂದನ್ನು ನೋಡಿದರೆ ಹಲಗೆ ತಿರುಚಿದೆಯೋ ಇಲ್ಲವೋ ತಿಳಿಯುತ್ತದೆ. ತಿರುಚಿದ ಹಲಗೆಯಿಂದ ಮಾಡಿದ ಮೇಜಿನ ಮೇಲೆ ಸಾಂಬಾರು ಒಂದೇ ಕಡೆಗೆ ಹರಿಯುತ್ತದೆ, ಗಿರಾಕಿ ಬೈಯುವುದು ಮಾಣಿಯನ್ನು. ಎಣ್ಣೆಯಲ್ಲಿ ನೆನೆದ ಬಟ್ಟೆ ತುರುಕಿದ ಒಂದು ತಗಡಿನ ಡಬ್ಬಿಯಿದೆ. ಸಮುದ್ರದ ಉಪ್ಪುಗಾಳಿ ಬೀಸುವ ಊರಿನಲ್ಲಿ ಗರಗಸಕ್ಕೆ ತುಕ್ಕು ಹಿಡಿಯದೆ ಇರುವುದು ಆ ಡಬ್ಬಿಯಿಂದ. ಇವಕ್ಕೆಲ್ಲ ಅಂಗಡಿಯಲ್ಲಿ ಹೆಸರಿಲ್ಲ, ಬೆಲೆಯಿಲ್ಲ, ಹೊಳಪಿಲ್ಲ. ಯಾರೂ ಕದಿಯುವುದಿಲ್ಲ. ಆದರೆ ಇವಿಲ್ಲದೆ ನಮ್ಮ ಶಾಪಿನಲ್ಲಿ ಒಂದು ಸ್ಟೂಲೂ ನೆಟ್ಟಗೆ ನಿಲ್ಲದು.

ಈ ಹೆಸರಿಲ್ಲದವುಗಳಲ್ಲಿ ಹಿರಿದು ತಳ್ಳುಕೋಲು. ಟ್ರಾಮು ನಿಂತುಹೋದ ಕೆಲವು ವರ್ಷಗಳ ಮೇಲೆ ಭಾವ ಒಂದು ಹಳೆಯ ಗರಗಸದ ಮಿಷನ್ನು ಕೊಂಡರು. ಕಬ್ಬಿಣದ ಮೇಜು, ಅದರ ನಡುವೆ ಅರ್ಧ ಮೇಲೆದ್ದ ದುಂಡು ಗರಗಸ, ಕೆಳಗೆ ಬೆಲ್ಟಿನಿಂದ ತಿರುಗಿಸುವ ಮೋಟಾರು. ಅಗಲವಾದ ಹಲಗೆಯನ್ನು ಕೈಯಿಂದಲೇ ತಳ್ಳಿ ಕೊಯ್ಯಬಹುದು. ಸಣ್ಣ ಪಟ್ಟಿ ಕೊಯ್ಯುವಾಗ ಕೊನೆಯಲ್ಲಿ ಕೈ ಹಲ್ಲಿನ ಹತ್ತಿರ ಹೋಗುತ್ತದೆ. ಆಗ ಕೈಯ ಬದಲು ಮರವನ್ನು ತಳ್ಳುವುದಕ್ಕೆ ಒಂದು ಕೋಲು ಬೇಕು. ಮೊಳದುದ್ದ, ತುದಿಯಲ್ಲಿ ಹಕ್ಕಿಯ ಕೊಕ್ಕಿನಂತೆ ಕಚ್ಚು. ಮಿಷನ್ನು ನಡೆಸುವ ಮುನುಸ್ವಾಮಿ ಅದನ್ನು ಕುಚ್ಚಿ ಎನ್ನುತ್ತಾನೆ. ಅವನ ಕುಚ್ಚಿಯ ಕೊಕ್ಕಿನ ಮೇಲೆ ಗರಗಸ ಕಚ್ಚಿದ ಗುರುತುಗಳು ತುಂಬಿದ್ದವು. ಒಂದೊಂದು ಗುರುತೂ ಬೆರಳಿಗೆ ಬೀಳಬೇಕಾಗಿದ್ದುದು. ಚೂರು ಮರದಿಂದ ಐದು ನಿಮಿಷದಲ್ಲಿ ಮಾಡಬಹುದಾದ ವಸ್ತು ಅದು. ನನ್ನ ಸಿಟ್ಟೆಲ್ಲ ಈ ಐದು ನಿಮಿಷದ ಮೇಲೆಯೇ ನಿಂತಿದೆ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಆ ವರ್ಷದ ಆಯುಧ ಪೂಜೆಯ ಹಿಂದಿನ ದಿನ ಭಾವ ಶಾಪನ್ನು ಸ್ವಚ್ಛ ಮಾಡಿಸಿದರು. ನಾನು ಮರ ನೋಡಲು ತಾಂಬರಂ ಕಡೆಗೆ ಹೋಗಿದ್ದೆ. ಬಂದು ನೋಡಿದರೆ ಶಾಪು ಮದುವೆಮನೆಯ ಹಾಗಿತ್ತು. ನೆಲ ತೊಳೆದಿದ್ದರು. ಹತಾರಗಳನ್ನು ತಿಕ್ಕಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ಮರುದಿನ ಪ್ರತಿಯೊಂದಕ್ಕೂ ಗಂಧ, ಕುಂಕುಮ, ಒಂದೊಂದು ಹೂವು. ಮಿಷನ್ನಿಗೆ ಚೆಂಡುಹೂವಿನ ಹಾರ, ಗರಗಸದ ಹಲ್ಲುಗಳ ಮೇಲೂ ಕುಂಕುಮ. ಅಕ್ಕ ಹಿತ್ತಲಿನಲ್ಲಿ ಕಲ್ಲು ಹೂಡಿ ಇಡೀ ಬೀದಿಗೆ ಸಾಲುವಷ್ಟು ಕಡಲೆ ಉಸ್ಲಿ ಬೇಯಿಸಿದಳು. ಬೀದಿಯವರು ಅದನ್ನು ಸುಂಡಲ್ ಎಂದು ಕರೆದು ಎರಡೆರಡು ಸಲ ಹಾಕಿಸಿಕೊಂಡರು. ನಾನೂ ಹಾಕಿಸಿಕೊಂಡೆ. ಚೆನ್ನಾಗಿ ಬೆಂದಿತ್ತು. ಉರಿ ಯಾವುದರದು ಎಂದು ಕೇಳಲಿಲ್ಲ.

ಪೂಜೆಯ ದಿನ ಹತಾರ ಮುಟ್ಟುವಂತಿಲ್ಲ. ವಿಜಯದಶಮಿಯ ಬೆಳಿಗ್ಗೆ ಮುಹೂರ್ತ ನೋಡಿ ಮೊದಲ ಕೊಯ್ತ ಹಾಕಬೇಕು. ಆ ವರ್ಷ ದಶಮಿ ಸೋಮವಾರ ಬಂದಿತ್ತು. ಸೋಮವಾರ ಏಳೂವರೆಗೆ ರಾಹುಕಾಲ ಹಿಡಿಯುತ್ತದೆ ಎಂಬುದು ಮದರಾಸಿನಲ್ಲಿ ನೆಲ ಬಿಟ್ಟೇಳದ ಮಗುವಿಗೂ ಗೊತ್ತು. ಹೊಸ ಹೋಟೆಲು ತೆರೆಯಲಿದ್ದ ಐತಾಳರು ಏಳು ಗಂಟೆಗೆ ಮುಂಚೆಯೇ ಬಂದರು. ಹೋಟೆಲಿನ ಮೇಜು ಕುರ್ಚಿಯ ಕೆಲಸವೆಲ್ಲ ನಮಗೇ ಕೊಡುವವರು. "ಮೊದಲ ಕೊಯ್ತ ನಮ್ಮ ಮರದ್ದೇ ಆಗಲಿ. ಒಂದು ಸಣ್ಣ ಪಟ್ಟಿ ಸಾಕು, ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ತೇನೆ" ಎಂದರು. ಭಾವ ಅವರಿಗೆಂದು ತೆಗೆದಿಟ್ಟಿದ್ದ ಒಳ್ಳೆಯ ತೇಗದ ತುಂಡು ತಂದಿಟ್ಟರು. ಮುನುಸ್ವಾಮಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಹೊಸ ಬನಿಯನು ತೊಟ್ಟು ಮಿಷನ್ನಿನ ಮುಂದೆ ನಿಂತ. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಮೇಜಿನ ಕೆಳಗೆ ಬಗ್ಗಿದ. "ಸಾರ್, ಕುಚ್ಚಿ ಕಾಣೋಂ" ಎಂದ.

ನಾನು ಹುಡುಕಿದೆ. ಹುಡುಕಲು ಏನೂ ಇರಲಿಲ್ಲ, ಅಷ್ಟು ಸ್ವಚ್ಛವಾಗಿತ್ತು. ಟ್ಯೂಬಿನ ಪಟ್ಟಿಯಿಲ್ಲ, ಕಡ್ಡಿಗಳಿಲ್ಲ, ಡಬ್ಬಿಯಿಲ್ಲ. ಹಿತ್ತಲಿಗೆ ಹೋಗಿ ಒಲೆಯ ಬೂದಿಯನ್ನು ಕೆದಕಿದೆ. ಕೊಕ್ಕಿನ ಕರಕಲು ಸಿಕ್ಕಿತು. ಅರ್ಧ ಸುಟ್ಟಿದ್ದರೂ ಗರಗಸದ ಗುರುತು ಅದರ ಮೇಲೆ ಹಾಗೆಯೇ ಇತ್ತು. ಅದನ್ನು ತಂದು ಭಾವನಿಗೆ ತೋರಿಸಿದೆ.

"ಎಂತ ಮಾರಾಯ, ಬೆಳಿಗ್ಗೆ ಬೆಳಿಗ್ಗೆ ಇದ್ದಲು ತೋರಿಸ್ತೀಯಾ?" ಎಂದರು ಭಾವ.

"ಇದು ತಳ್ಳುಕೋಲು ಭಾವ. ಐದು ನಿಮಿಷ ಕೊಡಿ, ಇನ್ನೊಂದು ಕೊಯ್ದು ಕೊಡ್ತೇನೆ."

"ಯಾವುದರಲ್ಲಿ ಕೊಯ್ತೀ? ಪೂಜೆಯ ಗರಗಸದಲ್ಲಿ? ವರ್ಷದ ಮೊದಲ ಕೊಯ್ತ ಒಲೆಗೆ ಹೋಗುವ ಕೋಲಿಗಾ?"

ಐತಾಳರು ತಲೆಯಾಡಿಸಿದರು. "ಅದು ಸರಿಯಲ್ಲ. ಮೊದಲು ಶುಭದ್ದು ಆಗ್ಲಿ. ಆಮೇಲೆ ಕೋಲು ಬೇಕಾದಷ್ಟು ಮಾಡಿ."

ಪೊರಕೆಯ ಹಿಡಿಯನ್ನಾದರೂ ಮುರಿದು ಕೊಡುತ್ತೇನೆ ಎಂದೆ. ದಶಮಿಯ ಮುಹೂರ್ತಕ್ಕೆ ಪೊರಕೆ ಎಂಬ ಮಾತು ಕೇಳಿ ಇಬ್ಬರೂ ನನ್ನನ್ನು ನೋಡಿದ ನೋಟವನ್ನು ಬಣ್ಣಿಸಲಾರೆ. ಭಾವ ಗಡಿಯಾರ ನೋಡಿದರು. "ಒಂದೇ ಒಂದು ಪಟ್ಟಿ. ಮುನುಸ್ವಾಮಿ, ಕೈಯಲ್ಲೇ ಆಗ್ತದಲ್ಲ? ಬೇಗ, ಸೀಕ್ರಂ."

ಮುನುಸ್ವಾಮಿ ನನ್ನನ್ನು ನೋಡಿದ, ಐತಾಳರನ್ನು ನೋಡಿದ, ಭಾವನನ್ನು ನೋಡಿದ. "ಪಾರ್ತುಕ್ಕಲಾಂ ಸಾರ್" ಎಂದ. ನೋಡಿಕೊಂಡರಾಯಿತು ಎಂದರ್ಥ. ಬೇಡ ಎನ್ನಲಾರದವರು ಆಡುವ ಮಾತು ಅದು. ನಾನು "ಬೇಡ" ಎಂದೆ. ಭಾವ ಅಷ್ಟು ಹೊತ್ತಿಗೆ ಸ್ವಿಚ್ಚು ಒತ್ತಿದ್ದರು. ಕರ್ಪೂರ ಉರಿಯುತ್ತಿತ್ತು, ಐತಾಳರು ಕೈ ಮುಗಿದಿದ್ದರು.

ಮರ ಮುಕ್ಕಾಲು ಪಾಲು ಸರಿಯಾಗಿಯೇ ಹೋಯಿತು. ಆಮೇಲೆ ಸೀಳು ಮುಚ್ಚಿಕೊಂಡು ಗರಗಸವನ್ನು ಹಿಡಿಯಿತು. ಶಬ್ದ ಬದಲಾಯಿತು. ಮರ ಹಿಂದಕ್ಕೆ ಒದ್ದು ಹಾರಿತು, ಅದನ್ನು ಒತ್ತಿದ್ದ ಕೈ ಮುಂದಕ್ಕೆ ಜಾರಿತು. ಮುನುಸ್ವಾಮಿ ಕೈಯನ್ನು ಎದೆಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಬಂದು ನೆಲದ ಮೇಲೆ ಕುಳಿತ. ಹೊಸ ಬನಿಯನು ಕೆಂಪಾಯಿತು. ನಾನು ಓಡಿಹೋಗಿ ಸ್ವಿಚ್ಚು ಆರಿಸಿದೆ. ಗರಗಸ ನಿಧಾನವಾಗಿ ನಿಂತಿತು. ಹಲ್ಲುಗಳ ಮೇಲೆ ಕೆಂಪಿತ್ತು. ಅದರಲ್ಲಿ ಕುಂಕುಮ ಎಷ್ಟು, ಉಳಿದದ್ದು ಎಷ್ಟು ಎಂದು ತಿಳಿಯಲಿಲ್ಲ.

ಹೋದದ್ದು ಹೆಬ್ಬೆರಳಿನ ತುದಿ, ಉಗುರಿನ ಸಮೇತ. ಪಕ್ಕದ ಬೀದಿಯ ಡಾಕ್ಟರಲ್ಲಿಗೆ ನಾನೇ ಅವನನ್ನು ಕರೆದೊಯ್ದೆ. ಅವರು ಕಟ್ಟು ಹಾಕಿ, ಒಂದು ಕೂದಲೆಳೆ ಆಚೆಗಾಗಿದ್ದರೆ ಬೆರಳೇ ಇರುತ್ತಿರಲಿಲ್ಲ ಎಂದರು. ನಾವು ಹಿಂತಿರುಗಿದಾಗ ಭಾವ ಬಾಗಿಲಲ್ಲೇ ನಿಂತಿದ್ದರು. ಮುಖ ಬಿಳಿಚಿತ್ತು. ಏನೋ ಹೇಳಬೇಕೆಂದು ಬಾಯಿ ತೆರೆದವರು "ಶಾಪಿಗೆ ತಾಗಿದ್ದ ದೃಷ್ಟಿ ಹೋಯ್ತು ಅಂತ ತಿಳಿದುಕೊಳ್ಳಬೇಕು" ಎಂದರು. ಒಳಗಿನಿಂದ ಐತಾಳರು, "ಆ ಪಟ್ಟಿ ಪೂರ್ತಿ ತುಂಡಾಗಿದೆಯಾ, ಇಲ್ಲ ಸ್ವಲ್ಪ ಅಂಟಿಕೊಂಡಿದೆಯಾ?" ಎಂದು ಕೇಳಿದರು.

ನಾನು ಆಗ ಆಡಿದ ಮಾತುಗಳನ್ನು ಬರೆಯುವುದಿಲ್ಲ. ಅಕ್ಕನ ಗಂಡನಿಗೆ ಆಡುವಂಥವಲ್ಲ, ಗಿರಾಕಿಗೆ ಮೊದಲೇ ಅಲ್ಲ. ಕನ್ನಡ ಮುಗಿದ ಮೇಲೆ ತಮಿಳಿನಲ್ಲಿ ಮುಂದುವರಿಸಿದೆ. ಆಮೇಲೆ ಪೂಜೆಯ ಸಾಲಿನಿಂದ ಕೈಗರಗಸ ಎತ್ತಿಕೊಂಡು, ಐತಾಳರ ತೇಗದಿಂದಲೇ ಒಂದು ತುಂಡು ತೆಗೆದು, ನಡುರಾಹುಕಾಲದಲ್ಲಿ ಎಲ್ಲರ ಕಣ್ಣೆದುರಿಗೆ ಹೊಸ ತಳ್ಳುಕೋಲು ಕೊಯ್ದೆ. ಬೈಯುತ್ತಲೇ ಕೊಯ್ದುದರಿಂದ ಐದು ನಿಮಿಷದ ಬದಲು ಹತ್ತು ಹಿಡಿಯಿತು. ಆಕಾಶ ಬೀಳಲಿಲ್ಲ. ಐತಾಳರು ಎದ್ದುಹೋದರು. ಮರುದಿನ ಬಂದು ಅದೇ ಮೇಜು ಕುರ್ಚಿಗಳನ್ನು ಮಾಡಲು ನಮಗೇ ಹೇಳಿಹೋದರು.

ಇಲ್ಲಿಗೆ ನನ್ನ ಸಿಟ್ಟು ಮುಗಿಯಬೇಕಿತ್ತು. ಆದರೆ ಭಾವನಿಗೆ ನಿಜವಾಗಿ ಪಶ್ಚಾತ್ತಾಪವಾಯಿತು, ತೊಂದರೆ ಶುರುವಾದದ್ದು ಆಮೇಲೆ. ಅವರು ನನ್ನ ತಳ್ಳುಕೋಲಿಗೆ ಪಾಲಿಷು ಹಾಕಿಸಿದರು, ಗಂಧ ಕುಂಕುಮ ಹಚ್ಚಿದರು, ದೇವರ ಪಟದ ಪಕ್ಕದಲ್ಲಿ ಮೊಳೆ ಹೊಡೆದು ತೂಗುಹಾಕಿದರು. ಕೈ ವಾಸಿಯಾಗಿ ಬಂದ ಮುನುಸ್ವಾಮಿಗೆ ಅದನ್ನು ತೆಗೆದುಕೋ ಎಂದೆ. ಅವನು ಕೆನ್ನೆ ಕೆನ್ನೆ ತಟ್ಟಿಕೊಂಡ. "ಅದು ಸಾಮಿ ಕುಚ್ಚಿ ಸಾರ್. ಅದೆ ಹೇಗೆ ಗರಗಸಕ್ಕೆ ಕೊಡೋದು?" ಇನ್ನೊಂದು ಮಾಡಿದೆ. ಶುಕ್ರವಾರ ಅಕ್ಕ ಅದಕ್ಕೂ ಕುಂಕುಮವಿಟ್ಟಳು, ಅದೂ ಗೋಡೆಗೇರಿತು. ಜೀವ ಉಳಿಸುವ ವಸ್ತುವನ್ನು ನಮ್ಮ ಜನ ಒಂದೋ ಒಲೆಗೆ ಹಾಕುತ್ತಾರೆ, ಇಲ್ಲವೇ ಪಟದ ಪಕ್ಕಕ್ಕೆ ಏರಿಸುತ್ತಾರೆ. ಕೆಲಸದ ಮೇಜಿನ ಮೇಲೆ ಮಾತ್ರ ಇರಗೊಡುವುದಿಲ್ಲ.

ಕೊನೆಗೆ ಮೂರನೆಯದನ್ನು ಮಾಡಿ ನನ್ನ ಕೈಚೀಲದಲ್ಲೇ ಇಟ್ಟುಕೊಂಡೆ. ಬೆಳಿಗ್ಗೆ ಮುನುಸ್ವಾಮಿಯ ಕೈಗೆ ಕೊಡುವುದು, ಸಂಜೆ ಮರೆಯದೆ ವಾಪಸು ಪಡೆಯುವುದು. ನಾನು ಕೈಯಾರೆ ಕೊಡದೆ ಮಿಷನ್ನು ಹಾಕಕೂಡದು, ಯಾರು ಹೇಳಿದರೂ ಹಾಕಕೂಡದು, ಬೇರೆ ಕೋಲನ್ನು ಮುಟ್ಟಕೂಡದು ಎಂದು ಅವನಿಂದ ಮಾತು ತೆಗೆದುಕೊಂಡೆ. ಅವನು ಆ ಮಾತನ್ನು ಉಳಿಸಿಕೊಂಡು ಬಂದಿದ್ದಾನೆ. ಮೊನ್ನೆ ನಾನು ಮರದ ಲಾಟು ನೋಡಲು ಹೋದವನು ಸಂಜೆ ಹಿಂತಿರುಗಿದೆ. ಶಾಪಿನಲ್ಲಿ ಸದ್ದೇ ಇರಲಿಲ್ಲ. ಮಿಷನ್ನಿನ ಮುಂದೆ ಮುನುಸ್ವಾಮಿ ಕೈ ಕಟ್ಟಿಕೊಂಡು ಕುಳಿತಿದ್ದ. ಹಿಂದಿನ ದಿನ ಅರ್ಧ ಕೊಯ್ದ ಹಲಗೆಗಳು ಹಾಗೇ ಬಿದ್ದಿದ್ದವು. ಬಾಗಿಲಲ್ಲಿ ನಿಂತಿದ್ದ ಭಾವ ನನ್ನ ಕಂಕುಳಿನ ಚೀಲವನ್ನು ನೋಡಿದರು. ಬೆಳಿಗ್ಗೆ ಕೋಲು ಕೊಡದೆ ಹೋದದ್ದು ಆಗಲೇ ನನಗೂ ನೆನಪಾಯಿತು.

"ಬೆಳಿಗ್ಗೆಯಿಂದ ನಾನು ಅವನ ಕಾಲು ಹಿಡಿಯುವುದೊಂದು ಬಾಕಿ ಮಾರಾಯ. ಸಾರ್ ಬರಟ್ಟುಂ, ನೀನೇ ಬರಲಿ ಅಂತ ಕೂತಿದ್ದಾನೆ" ಎಂದರು. "ಪಂಚಾಂಗದ ರಾಹುಕಾಲ ಒಂದೂವರೆ ಗಂಟೆಯಲ್ಲಿ ಮುಗೀತದೆ. ನಿನ್ನದು ಯಾವಾಗ ಮುಗಿಯುವುದು ಅಂತ ಎಲ್ಲಿಯಾದ್ರೂ ಬರೆದಿಟ್ಟಿದ್ದೀಯಾ?"

ಮುನುಸ್ವಾಮಿಯ ಕೈಗಳನ್ನು ನೋಡಿದೆ; ಇದ್ದಷ್ಟು ಬೆರಳುಗಳೂ ಇದ್ದವು. ಚೀಲದಿಂದ ಕೋಲು ತೆಗೆದು ಕೊಟ್ಟೆ. ಅವನು ಎದ್ದುನಿಂತು ಎರಡೂ ಕೈಯಲ್ಲಿ ತೆಗೆದುಕೊಂಡ, ಪ್ರಸಾದ ತೆಗೆದುಕೊಳ್ಳುವಂತೆ.