ಪೈಲ್ವಾನಮ್ಮನ ಪೇಚಾಟಗಳು

ಕುಸ್ತಿಯಲ್ಲಿ ನಾನು ಗೆದ್ದದ್ದನ್ನು ಜನ ಮರೆತಿದ್ದಾರೆ, ಪೇಚಿಗೆ ಸಿಕ್ಕಿದ್ದನ್ನು ಮಾತ್ರ ಒಬ್ಬರೂ ಮರೆತಿಲ್ಲ. ಈಗ ಮಳವಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸುತ್ತೇನೆ. ಪೇಚಾಟ ಇನ್ನೂ ನಿಂತಿಲ್ಲ.

ಅವ್ವನಿಗೆ ಹೇಳದ ಕುಸ್ತಿ

ಆಗ ನಮ್ಮ ಕಡೆ ಹೆಣ್ಣುಮಕ್ಕಳು ಅಖಾಡಕ್ಕೆ ಇಳಿಯುವುದೇ ಅಪರೂಪ. ಖೋ ಖೋ ಆಡ್ತೀನಿ ಅಂತ ಮನೆಯಲ್ಲಿ ಸುಳ್ಳು ಹೇಳಿ ಮದ್ದೂರಿನಲ್ಲಿ ಮೊದಲ ಕುಸ್ತಿಗೆ ನಿಂತೆ. ಎದುರಾಳಿ ನನಗಿಂತ ಗಟ್ಟಿ, ಎರಡೇ ನಿಮಿಷಕ್ಕೆ ಕೆಡವಿ ಮೇಲೆ ಬಿದ್ದಳು. ಒಂದು ಭುಜ ಮಣ್ಣಿಗೆ ತಾಗಿತ್ತು, ಇನ್ನೊಂದಕ್ಕೆ ಎರಡು ಬೆರಳಷ್ಟು ಅಂತರ. ಅದೂ ತಾಗಿದರೆ ಸೋಲು. ಆಗ ಜನರ ನಡುವಿನಿಂದ ಅವ್ವನ ದನಿ! ಯಾರೋ ಸುದ್ದಿ ಮುಟ್ಟಿಸಿದ್ದರು. ನನ್ನ ಕಥೆ ಮುಗೀತು ಅಂದುಕೊಂಡೆ.

“ಏಳೇ ಮೇಲೆ! ಒಸಾ ಬಟ್ಟೆ ಕಣೇ ಅದು. ಕೆಮ್ಮಣ್ಣು ಅತ್ತಿದ್ರೆ ಒಗಿಯೋರ್ ಯಾರು, ನಿಮ್ಮಪ್ಪನಾ?”

ಹೆದರಿ ಹೊರಳಿದ ರಭಸಕ್ಕೆ ಎದುರಾಳಿ ನನ್ನ ಕೆಳಗಿದ್ದಳು. ಗೆದ್ದೆ. ಬಟ್ಟೆ ನಾನೇ ಒಗೆದೆ.

ಹೆಣ್ಣು ನೋಡುವ ಶಾಸ್ತ್ರ

ರಾಜ್ಯಕ್ಕೇ ಮೊದಲು ಬಂದ ವರ್ಷ ನಿಡಘಟ್ಟದಿಂದ ಗಂಡಿನವರು ಬಂದರು. ಹಿಂದೆ ಬಂದಿದ್ದ ಇಬ್ಬರು ಕುಸ್ತಿ ಅಂದ ಕೂಡಲೇ ಕಾಫಿಯನ್ನೂ ಕುಡಿಯದೆ ಎದ್ದು ಹೋಗಿದ್ದರು. ಈ ಸಲ ಗಂಡಾಗಿ ಬಂದಿದ್ದವರು “ಒಂದ್ಮಾತು” ಅಂತ ಹಿತ್ತಿಲಿಗೆ ಕರೆದರು. ಕುಸ್ತಿ ಬಿಡು ಅನ್ನುತ್ತಾರೇನೋ ಅಂತ ಅಳುಕುತ್ತಲೇ ಹಿಂದೆ ಹೋದೆ. ನೋಡಿದರೆ ಅವರೇ ನನ್ನಿಂದ ಎರಡು ಮಾರು ದೂರ ನಿಂತಿದ್ದಾರೆ.

“ಕುಸ್ತಿ ಮಾತ್ರ ಬುಡ್ಬೇಡಿ,” ಅಂದರು. “ಕ್ವಾಪ ಎಲ್ಲಾ ಅಲ್ಲೇ ಮುಗಿಸ್ಕಂಡು ಮನೆಗ್ ಬನ್ನಿ.”

ತೂಕ

ಮಂಡ್ಯದಲ್ಲಿ ಆಯ್ಕೆ ಪಂದ್ಯ. ನನ್ನ ಶಿಷ್ಯೆ ಕೊಪ್ಪದ ಹುಡುಗಿ. “ಈ ಸಲ ಆಯ್ಕೆ ಆಗ್ನಿಲ್ಲ ಅಂದ್ರೆ ಕುಸ್ತಿ ಸಾಕು,” ಅಂತ ಅವರಪ್ಪ ಕಡ್ಡಿ ಮುರಿದಂತೆ ಹೇಳಿದ್ದರು. ತೂಕದ ಮಿಷನ್ನಿಗೆ ಅಂಟಿಕೊಂಡೇ ನಿಂತು ನೋಡಿದೆ: ಮುನ್ನೂರು ಗ್ರಾಂ ಜಾಸ್ತಿ! ಅಷ್ಟನ್ನು ಇಳಿಸದಿದ್ದರೆ ಕಣಕ್ಕೇ ಬಿಡುವುದಿಲ್ಲ, ಉಳಿದದ್ದು ಅರ್ಧ ಗಂಟೆ. ಎರಡು ಸ್ವೆಟರ್ ಹಾಕಿಸಿ ಬಿಸಿಲಲ್ಲಿ ಮೈದಾನ ಸುತ್ತಿಸಿದೆ. ಇನ್ನೂ ನೂರು ಗ್ರಾಂ. ಐದೇ ನಿಮಿಷ ಬಾಕಿ. ಸೊಂಟದ ತನಕ ಇದ್ದ ಅವಳ ಜಡೆ ನೋಡಿದೆ. ಅವಳಿಗೆ ಅರ್ಥವಾಯಿತು, ಕಣ್ಣುಮುಚ್ಚಿ ತಲೆ ಬಗ್ಗಿಸಿದಳು. ಕತ್ತರಿಸುವಾಗ ನನ್ನ ಕಣ್ಣಲ್ಲೂ ನೀರು.

ಮತ್ತೆ ಮಿಷನ್ ಹತ್ತಿದಳು. ಆಗಲೂ ಜಾಸ್ತಿ!

ತೂಕ ಹಾಕುವವರು ಕೆಳಗೆ ಬಗ್ಗಿ ನೋಡಿದರು. “ಮೇಡಂ, ನಿಮ್ಮ ಕಾಲು ತಗೀರಿ. ಇಬ್ರನ್ನೂ ಒಟ್ಟಿಗೇ ತೂಗ್ಲಾ?”

ತೆಗೆದೆ. ಅರ್ಧ ಕೆಜಿ ಕಮ್ಮಿ!

ಹುಡುಗಿ ಬೋಳು ಕುತ್ತಿಗೆ ಸವರಿಕೊಂಡು ಕಣಕ್ಕಿಳಿದವಳೇ ಒಂದೇ ನಿಮಿಷಕ್ಕೆ ಎದುರಾಳಿಯನ್ನು ಎತ್ತಿ ಒಗೆದು ಚಿತ್ ಮಾಡಿದಳು. ಓಡಿ ಹೋಗಿ ತಬ್ಬಿಕೊಂಡು, “ಹೆಂಗೆ ಎತ್ತಿದ್ಯೇ ಅವಳನ್ನ?” ಅಂದೆ.

“ಅವಳ್ ಜಾಗದಲ್ಲಿ ನೀವೇ ಇದ್ದೀರಾ ಅಂದ್ಕಂಡೆ, ಮೇಡಂ.”