ಒಂದು ಗೇಣು ಹಗ್ಗ

ಮೈಗಳ್ಳತನ ಸುಲಭದ ಕೆಲಸ ಎನ್ನುವವರು ಅದನ್ನು ಮಾಡಿ ನೋಡಿಲ್ಲ. ಅದಕ್ಕೂ ಶಿಸ್ತು ಬೇಕು, ಎಲ್ಲರಿಗಿಂತ ಮೊದಲು ಕೆಲಸಕ್ಕೆ ಬರಬೇಕು. ಹದಿನಾರು ವರ್ಷದಿಂದ ನಾನು ಪಾಂಡವಪುರದ ಒಂದು ಅಡುಗೆ ತಂಡದಲ್ಲಿದ್ದೇನೆ. ಛತ್ರದಿಂದ ಛತ್ರಕ್ಕೆ ಹೋಗಿ ಬೀಗರೂಟದ ಸಾರು ಹೊರುವುದು ನನ್ನ ವೃತ್ತಿ. ಕೊಪ್ಪರಿಗೆಯ ಕಿವಿಗಳಿಗೆ ಹಗ್ಗ ಬಿಗಿದು, ಬಿದಿರು ಗಳಕ್ಕೆ ತೂಗುಹಾಕಿ, ಮುಂದೊಬ್ಬ ಹಿಂದೊಬ್ಬ ಹೆಗಲು ಕೊಟ್ಟು ಊಟದ ಹಾಲ್‌ಗೆ ಒಯ್ಯಬೇಕು. ಪಂಕ್ತಿಯಲ್ಲಿ ಕೂತವರು ಮುದ್ದೆ ಮುರಿಯುತ್ತಾ "ಸಾರು ಬಲೇ ತೆಳ್ಳಗದೆ" ಎನ್ನುತ್ತಾರೆ. ಅವರನ್ನೊಮ್ಮೆ ಆ ಗಳದ ಕೆಳಗೆ ನಿಲ್ಲಿಸಬೇಕು ಎಂದು ಎಷ್ಟೋ ಸಲ ಅನ್ನಿಸಿದೆ.

ನನ್ನ ಜೋಡಿ ಹೊಣಕೆರೆ ಕಡೆಯ ನಿಂಗಣ್ಣ. ನಾನು ಮುಂದೆ, ಅವನು ಹಿಂದೆ. ಬೇಗ ಬಂದು ಹಗ್ಗ ಕಟ್ಟುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೆ. ಗಳದ ನಡುವಿಗೆ ಕಟ್ಟದೆ ಅವನ ಕಡೆಗೆ ಒಂದು ಗೇಣು ಸರಿಸಿ ಕಟ್ಟುತ್ತಿದ್ದೆ. ಅಷ್ಟಕ್ಕೇ ನನ್ನ ಹೆಗಲು ಹಗುರವಾಗುತ್ತಿತ್ತು. ಯಾವಾಗಲೋ ಜ್ವರ ಬಂದಿದ್ದಾಗ ಶುರುಮಾಡಿದ್ದು. ಜ್ವರ ಬಿಟ್ಟಿತು, ಅಭ್ಯಾಸ ಬಿಡಲಿಲ್ಲ. ನಿಂಗಣ್ಣ ಮಾತ್ರ ಹಿಂದಿನಿಂದ "ಉಷಾರು ಕಣ್ಲಾ, ಮೆಟ್ಲು ಒದ್ದೆಯಾಗದೆ" ಎಂದು ನನ್ನನ್ನೇ ಎಚ್ಚರಿಸುತ್ತಿದ್ದ.

ಹೋದ ತಿಂಗಳು ಕೆ.ಆರ್. ಪೇಟೆಯ ಛತ್ರದಲ್ಲಿ ಗಳ ಎತ್ತುವಾಗ ಅವನ ಸೊಂಟ ಹಿಡಿದುಕೊಂಡಿತು. ಅಲ್ಲೇ ಕೂತವನಿಗೆ ಏಳಲಾಗಲಿಲ್ಲ. ಮಂಡಿ ಮಡಿಸಿ, ಬೆನ್ನು ನೆಟ್ಟಗಿಟ್ಟು ಎತ್ತಬೇಕು ಎಂದು ಡಾಕ್ಟರು ತೋರಿಸಿಕೊಟ್ಟರು. ಅದೇ ಉಸಿರಿನಲ್ಲಿ, ಇನ್ನು ಮುಂದೆ ಏನನ್ನೂ ಎತ್ತಬೇಡ ಎಂದರು.

ಎಲ್ಲವನ್ನೂ ಹೇಳಿಬಿಡೋಣವೆಂದು ಹೊಣಕೆರೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮಂಚದ ಮೇಲೆ ಒಂದೇ ಮಗ್ಗುಲಿಗೆ ಮಲಗಿದ್ದ ನಿಂಗಣ್ಣ, ನಾನು ಬಾಯಿ ತೆರೆಯುವ ಮೊದಲೇ ಕೈ ಹಿಡಿದುಕೊಂಡ.

"ಇನ್ಮೇಲೆ ಯಾರೋ ಒಸಬ ಬತ್ತಾನೆ. ಗಳ ಎತ್ತಕ್ ಮುಂಚೆ ಅಗ್ಗ ಎಲ್ಲದೆ ಅಂತ ನೋಡ್ಕಳ್ಲಾ. ಕೆಲವ್ರು ಜತೇಲಿರೋನ ಕಡೀಕೆ ಜರುಗುಸ್ಬುಡ್ತಾರೆ. ನೀನು ಪಾಪದವ್ನು, ನಿಂಗೆ ಅವೆಲ್ಲ ಗೊತ್ತಾಗಕಿಲ್ಲ."

ನನಗೆ ಅಳು ಬಂತು. ಗೊತ್ತಿದ್ದು ಹೇಳಿದನೋ, ಗೊತ್ತಿಲ್ಲದೆ ಹೇಳಿದನೋ, ಮುಖ ನೋಡಿ ತಿಳಿದುಕೊಳ್ಳುವ ಧೈರ್ಯ ಬರಲಿಲ್ಲ. "ಆಗ್ಲಿ ಕಣಣ್ಣ" ಎಂದು, ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.

ಮುಂದಿನ ಬೀಗರೂಟಕ್ಕೆ ಶೀಳನೆರೆಯಿಂದ ನನಗಿಂತ ಹಿರಿಯರೊಬ್ಬರು ಜೋಡಿಯಾಗಿ ಬಂದರು. ಅಂದು ಹಗ್ಗವನ್ನು ಸರಿಯಾಗಿ ಗಳದ ನಡುವಿಗೆ ಕಟ್ಟಿದೆ. ಹತ್ತು ಹೆಜ್ಜೆ ಇಡುವುದರೊಳಗೆ ಕಾಲು ನಡುಗಿ ಕೊಪ್ಪರಿಗೆಯನ್ನು ಕೆಳಗಿಳಿಸಬೇಕಾಯಿತು.

"ಯಾಕಪ್ಪಾ, ಈ ಕೆಲ್ಸಕ್ಕೆ ಒಸಬ್ನಾ?" ಎಂದು ಅವರು ಕೇಳಿದರು.

ಬೆವರು ಒರೆಸಿಕೊಂಡು, ಹೌದು ಎಂದೆ.