ಮಹಾಸಭೆಯಲ್ಲಿ ಕೈ ಎತ್ತಿದ ನಮ್ಮ ಮಾವ

ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಸೊಸೈಟಿ ಅಧ್ಯಕ್ಷರು ಮಂಗನ ಕಾಯಿಲೆಗಿಂತ ಹೆಚ್ಚು ಹೆದರುತ್ತಿದ್ದದ್ದು ನಮ್ಮ ಸೋದರಮಾವನಿಗೆ ಅಂದರೆ ನೀವು ನಂಬಲಿಕ್ಕಿಲ್ಲ. ಕಾಯಿಲೆಗಾದರೂ ಒಂದು ಸೂಜಿ ಚುಚ್ಚಿಸಿಕೊಳ್ಳಬಹುದಿತ್ತು. ಮಾವನಿಗೆ ಮದ್ದಿರಲಿಲ್ಲ.

ಅವರೇನು ಪುಂಡರಲ್ಲ, ರಾಜಕೀಯದವರೂ ಅಲ್ಲ. ಆನವಟ್ಟಿ ಹತ್ತಿರದ ನಮ್ಮೂರಿನಲ್ಲಿ ಭತ್ತ, ಜೋಳ ಬೆಳೆದುಕೊಂಡಿದ್ದ, ಹಣೆ ತುಂಬ ವಿಭೂತಿ ಹಚ್ಚುವ ಸಣಕಲು ಮನುಷ್ಯ. ಅತ್ತೆ ಬೇಗ ತೀರಿಕೊಂಡಿದ್ದರು. ಆಮೇಲೆ ಮಾವನಿಗೆ ಉಳಿದದ್ದು ಒಬ್ಬಳು ಮಗಳು, ಒಂದು ಸೈಕಲ್ಲು ಮತ್ತು ಐದು ಸಹಕಾರ ಸಂಘಗಳ ಸದಸ್ಯತ್ವ. ಐದೂ ಸಂಘಗಳ ವಾರ್ಷಿಕ ಮಹಾಸಭೆಗೆ ಒಗೆದ ಅಂಗಿ ಹಾಕಿಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು.

ತೊಂಬತ್ತರ ಆಸುಪಾಸಿನಲ್ಲಿ ನಮ್ಮ ಕಡೆ ಮಹಾಸಭೆ ಅಂದರೆ ಏನಂತೀರಿ? ಬಾಗಿಲಲ್ಲೇ ಸಹಿ. ಒಳಗೆ ಕಾರ್ಯದರ್ಶಿ, ಬಸ್ಸಿನ ಕಂಡಕ್ಟರ್ ಊರ ಹೆಸರು ಕೂಗಿದ ಹಾಗೆ ವರದಿ ಓದುವುದು. ಅಧ್ಯಕ್ಷರು "ಒಪ್ಪಿಗೆಯಾ?" ಅನ್ನುವುದು. ಜನ ಒಲೆಯಿದ್ದ ಕಡೆಗೆ ಮೂಗು ತಿರುಗಿಸಿಕೊಂಡೇ "ಒಪ್ಪಿಗೆ" ಅನ್ನುವುದು. ವಂದನಾರ್ಪಣೆ, ಉಪ್ಪಿಟ್ಟು, ಕೇಸರಿಬಾತು. ಏಳು ನಿಮಿಷದಲ್ಲಿ ಒಂದು ವರ್ಷದ ಸಹಕಾರ ಮುಗಿಯಿತು.

ಆದರೆ ಮಾವ ಎದ್ದು ನಿಲ್ಲುತ್ತಿದ್ದರು. ಸದಸ್ಯರೆಲ್ಲರಿಗೂ ನೋಟೀಸು ಮುಟ್ಟಿದೆಯೇ? ಕೋರಂಗೆ ಬೇಕಾದಷ್ಟು ಜನ ಇದ್ದಾರೋ, ಇಲ್ಲಾ ಅವರ ಸಹಿ ಮಾತ್ರ ಇದೆಯೋ? ಹೋದ ವರ್ಷದ ನಡಾವಳಿ ಯಾಕೆ ಓದಲಿಲ್ಲ? ಒಂದು ಪ್ರಶ್ನೆಗೆ ಉತ್ತರ ಸಿಗುವಷ್ಟರಲ್ಲಿ ಉಪ್ಪಿಟ್ಟು ಆರಿ ಹೆಪ್ಪುಗಟ್ಟುತ್ತಿತ್ತು. ಜನ ಅಧ್ಯಕ್ಷರನ್ನು ಬಿಟ್ಟು ಮಾವನನ್ನೇ ಬೈಯುತ್ತಿದ್ದರು. ಕೊನೆಕೊನೆಗೆ ನಮ್ಮೂರಿನ ಅಡುಗೆಯವನು, ಮಾವ ಕೂತರು ಅಂತ ಯಾರಾದರೂ ಬಂದು ಹೇಳುವವರೆಗೆ ಒಗ್ಗರಣೆಯನ್ನೇ ಹಾಕುತ್ತಿರಲಿಲ್ಲ.

ಶಿಕಾರಿಪುರದ ಒಂದು ಸಂಘದವರು ಉಪಾಯ ಮಾಡಿ, ಮಾವನ ಮಗಳ ನಿಶ್ಚಿತಾರ್ಥದ ದಿನವೇ ಮಹಾಸಭೆ ಇಟ್ಟರು. ಗಂಡಿನ ಮನೆಯೂ ಶಿಕಾರಿಪುರದಲ್ಲೇ ಇತ್ತೆಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ. ಎಲೆ ಅಡಿಕೆ ಬದಲಾಯಿಸಿದ್ದೇ ತಡ, ಊಟಕ್ಕೆ ಕೂರುವಷ್ಟರಲ್ಲಿ ಮಾವ ನಾಪತ್ತೆ. ಹುಡುಕಿಕೊಂಡು ಹೊರಟ ಬೀಗರಿಗೆ ಸಂಘದ ಕಟ್ಟಡದೊಳಗಿಂದ ಮಾವನ ದನಿ ಕೇಳಿಸಿತು. ಕರೆದೊಯ್ಯಲು ಒಳಗೆ ಹೋದ ಬೀಗರು ಅಲ್ಲೇ ಒಂದು ಕುರ್ಚಿಯಲ್ಲಿ ಕೂತು ಕಾಲು ಗಂಟೆ ಕೇಳಿದರು. ಆಮೇಲೆ ತಾವೇ ಎದ್ದು, "ಅದೆಲ್ಲಾ ಇರಲಿ, ಕೋರಂ ಎಣಿಸೀರೇನ್ರೀ?" ಅಂದರು. ನೀವು ಸದಸ್ಯರಾ ಅಂತ ಅಧ್ಯಕ್ಷರು ಕೇಳಿದ್ದಕ್ಕೆ, "ಅಲ್ರೀ, ಬೀಗರು" ಅಂದರಂತೆ.

ಇಂಥವರ ಸೋದರಳಿಯನಾದ ನನಗೆ ನಮ್ಮೂರ ಸೊಸೈಟಿಯಲ್ಲೇ ಗುಮಾಸ್ತನ ಕೆಲಸ ಸಿಕ್ಕಿತು. ಕೊಟ್ಟವರು ಅಧ್ಯಕ್ಷರೇ. ಅಳಿಯನಿಗೆ ಅನ್ನ ಹಾಕಿದರೆ ಮಾವನ ಬಾಯಿ ಮುಚ್ಚೀತು ಅಂತ ಲೆಕ್ಕ ಹಾಕಿದ್ದಿರಬೇಕು. ಮುಚ್ಚಲಿಲ್ಲ. ಕೆಲಸ ಕಾಯಂ ಆಗಿರಲಿಲ್ಲವಾದ್ದರಿಂದ ಪ್ರತಿ ಮಹಾಸಭೆಯಲ್ಲೂ ನಾನು ನಡಾವಳಿ ಪುಸ್ತಕದಿಂದ ಕಣ್ಣೆತ್ತದೆ ಕೂತಿರುತ್ತಿದ್ದೆ. ನಿಮಗೆ ಇದೆಲ್ಲ ಯಾಕೆ ಬೇಕು ಮಾವ ಅಂತ ಒಮ್ಮೆ ಕೇಳಿಯೂ ಬಿಟ್ಟಿದ್ದೆ. ಅವರು ಸಿಟ್ಟಾಗಲಿಲ್ಲ.

"ವರ್ಷಕ್ಕೆ ಒಂದೇ ದಿನ ಕಣೋ, ಮೇಲೆ ಕೂತೋರು ಕೆಳಗೆ ಕೂತೋರಿಗೆ ಉತ್ತರ ಕೊಡಬೇಕಾಗಿರೋದು. ಅದನ್ನೂ ಬಿಟ್ಟುಕೊಟ್ರೆ ಇನ್ನೇನು ಉಳೀತು?"

ಇಲ್ಲಿಂದ ಮುಂದೆ ನಗಿಸುವುದು ನನ್ನಿಂದ ಆಗದ ಕೆಲಸ.

ನಮ್ಮ ಸೊಸೈಟಿಗೆ ಕಾಡಂಚಿನ ಒಂದು ಸಣ್ಣ ಹಳ್ಳಿಯಲ್ಲಿ ರೇಷನ್ ಅಂಗಡಿಯಿತ್ತು. ಅಲ್ಲಿರುವುದೇ ನಾಲ್ಕು ಮನೆ, ಅಂಗಡಿ ಮುಚ್ಚೋಣ, ಅಕ್ಕಿ ಸೀಮೆಎಣ್ಣೆಗೆ ಅವರೇ ಇಲ್ಲಿಗೆ ಬರಲಿ ಅಂತ ಆಡಳಿತ ಮಂಡಳಿಯವರು ತೀರ್ಮಾನಿಸಿದ್ದರು. ಮಹಾಸಭೆಯ ಒಪ್ಪಿಗೆಯೊಂದು ಬಾಕಿ. ಆ ಹಳ್ಳಿಯಿಂದ ನಮ್ಮೂರಿಗೆ ಎರಡು ಗಂಟೆಯ ನಡಿಗೆ, ಮಧ್ಯೆ ಒಂದು ಹಳ್ಳ. ಅಲ್ಲಿಯ ಸದಸ್ಯರಿಗೆ ನೋಟೀಸು ಹೋಗಿರಲಿಲ್ಲ. ಹೋಗದಂತೆ ನೋಡಿಕೊಳ್ಳಲು ನನಗೇ ಹೇಳಿದ್ದರು. ನಾನು ನೋಡಿಕೊಂಡಿದ್ದೆ.

ಮಾವನಿಗೆ ಹೇಗೋ ಸುಳಿವು ಸಿಕ್ಕಿತು. ಹಿಂದಿನ ದಿನವೇ ಸೈಕಲ್ಲು ತುಳಿದು ಹೋಗಿ ಮನೆ ಮನೆಗೆ ಹೇಳಿ ಬಂದರು. ಎಲ್ಲರೂ ಬರುತ್ತೇವೆ ಅಂದಿದ್ದರಂತೆ. ಸಭೆ ಹನ್ನೊಂದಕ್ಕೆ. ಬೆಳಿಗ್ಗೆಯಿಂದ ಜಡಿಮಳೆ. ಹನ್ನೊಂದಾದರೂ ಅವರ ಪತ್ತೆಯಿಲ್ಲ.

ಅವತ್ತು ಮಾವ ಪ್ರಶ್ನೆ ಕೇಳಿದ ಹಾಗೆ ಯಾವತ್ತೂ ಕೇಳಿರಲಿಲ್ಲ. ಗೋದಾಮಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂದರು. ತಕ್ಕಡಿಗೆ ಮುದ್ರೆ ಹಾಕಿಸಿದ್ದು ಯಾವಾಗ ಅಂದರು. ಗೋಡೆಯ ಮೇಲಿನ ಕ್ಯಾಲೆಂಡರು ಹೋದ ವರ್ಷದ್ದು ಯಾಕಿದೆ ಅಂದರು. ಜನ ಮೊದಲು ನಕ್ಕರು, ಆಮೇಲೆ ಗೊಣಗಿದರು, ಆಮೇಲೆ ಕೂತುಕೊಳ್ಳಿ ಅಂತ ಕೂಗಿದರು. ಮಾವ ಬೇಲಿಯಾಚೆಯ ರಸ್ತೆಯನ್ನೊಮ್ಮೆ ನೋಡುವುದು, ಇನ್ನೊಂದು ಪ್ರಶ್ನೆ ಕೇಳುವುದು. ಅವರು ಹೊತ್ತು ದೂಡುತ್ತಿದ್ದಾರೆಂದು ಆ ಸಭೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ಹೀಗೆ ಒಂದು ಗಂಟೆ ನಡೆಯಿತು. ಕೊನೆಗೆ ದನಿ ಕಟ್ಟಿಹೋಗಿ, ಬಾಯಿ ತೆರೆದರೂ ಮಾತು ಹೊರಡಲಿಲ್ಲ. ಅಧ್ಯಕ್ಷರು ಅದೇ ಸಮಯ ನೋಡಿ ಠರಾವು ಓದಿಸಿದರು. ಒಪ್ಪದವರು ಕೈ ಎತ್ತಿ ಅಂದಾಗ ಮೇಲೆದ್ದದ್ದು ಒಂದೇ ಕೈ.

ಜನರ ಕೈಗೆ ಉಪ್ಪಿಟ್ಟಿನ ಎಲೆ ಬರುವ ಹೊತ್ತಿಗೆ ಆ ಹಳ್ಳಿಯವರು ಬಂದರು. ಹಳ್ಳ ತುಂಬಿ ಸುತ್ತು ಹಾದಿ ಹಿಡಿದಿದ್ದರಂತೆ. ಒಂಬತ್ತು ಜನ, ಸೊಂಟದವರೆಗೆ ಕೆಸರು. ಅವರಲ್ಲೊಬ್ಬ ಮುದುಕಿ ತಲೆ ಮೇಲಿನ ಗೊಬ್ಬರದ ಚೀಲದ ಕೊಪ್ಪೆ ತೆಗೆದು ನನ್ನನ್ನೇ ಕೇಳಿದಳು: "ಸಭೆ ಎಷ್ಟೊತ್ತಿಗೆ ಶುರು ಮಾಡ್ತೀರಪ್ಪಾ?" ನಾನು ಒಳಗೆ ಹೋಗಿಬಿಟ್ಟೆ. ಮುಗಿಯಿತೆಂದು ಅವಳಿಗೆ ಮಾವನೇ ಹೇಳಿದರಂತೆ. ಕಟ್ಟಿದ ಗಂಟಲಲ್ಲಿ ಅದನ್ನೂ ಮೂರು ಸಲ ಹೇಳಬೇಕಾಯಿತಂತೆ.

ಮಾರನೆಯ ದಿನ ನಡಾವಳಿ ಬರೆಯುವಾಗ ಅಧ್ಯಕ್ಷರು ನನ್ನ ಪಕ್ಕದಲ್ಲೇ ನಿಂತಿದ್ದರು. ಒಬ್ಬರು ವಿರೋಧಿಸಿದರು ಅಂತ ಬರೆದರೆ ಮೇಲಿನ ಅಧಿಕಾರಿಗಳು ಕಾರಣ ಕೇಳುತ್ತಾರೆ, ಸುಮ್ಮನೆ ಸರ್ವಾನುಮತ ಅಂತ ಬರಿ ಅಂದರು. ಬರೆದೆ. ಮಾವ ಎತ್ತಿದ ಕೈ ಆ ಪುಸ್ತಕದಲ್ಲಿ ಇಲ್ಲ.

ಆ ಒಂದು ವರ್ಷ ನಾನು ನಿದ್ದೆಗೆಟ್ಟದ್ದು ಮುಂದಿನ ಮಹಾಸಭೆಯನ್ನು ನೆನೆದು. ಹೋದ ವರ್ಷದ ನಡಾವಳಿ ಓದಿಸದೆ ಮಾವ ಬಿಡುವವರಲ್ಲ. ಓದಿದರೆ ಸರ್ವಾನುಮತ ಅನ್ನುವುದು ಅವರ ಕಿವಿಗೆ ಬೀಳುತ್ತದೆ. ಬರೆದವರು ಯಾರು ಅನ್ನುತ್ತಾರೆ. ಅಧ್ಯಕ್ಷರು ನನ್ನ ಕಡೆ ಕೈ ತೋರಿಸಿ ತಾವು ಕೈ ತೊಳೆದುಕೊಳ್ಳುತ್ತಾರೆ. ಆ ದಿನ ಬಂತು. ಕಾರ್ಯದರ್ಶಿ ನಡಾವಳಿ ಪುಸ್ತಕ ಕೈಗೆತ್ತಿಕೊಂಡರು. ಮಾವ ಎದ್ದರು.

ಅವರು ಸೀದಾ ಹೊರಗೆ ಹೋದರು. ಮಳೆನೀರಿನ ಡ್ರಮ್ಮಿನ ಹತ್ತಿರ ನಿಂತು ಮುಖ ತೊಳೆದರು, ಕಾಲು ತೊಳೆದರು, ಮತ್ತೆ ಮುಖ ತೊಳೆದರು. ಓದಿ ಮುಗಿದು, ಒಪ್ಪಿಗೆ ಅಂತ ಎಲ್ಲರೂ ಕೂಗಿದ ಮೇಲೆ ಒಳಗೆ ಬಂದು ಕೂತರು. ಅವತ್ತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಂತೂ ಮುದುಕನ ಉರಿ ಆರಿತು ಅಂತ ಜನ ನಕ್ಕರು. ವಯಸ್ಸಾಯಿತು, ಮರೆತರು ಅಂತ ನಾನೂ ಉಸಿರು ಬಿಟ್ಟೆ. ಮುಂದಿನ ವರ್ಷದಿಂದ ಅವರು ಯಾವ ಸಭೆಗೂ ಹೋಗಲಿಲ್ಲ.

ನಾಲ್ಕು ವರ್ಷ ಕಳೆದ ಮೇಲೆ ಮಾವ ಶಿಕಾರಿಪುರದ ಮಗಳ ಮನೆಯಲ್ಲಿ ಹಾಸಿಗೆ ಹಿಡಿದರು. ನೋಡಲು ಹೋದ ನಾನು ಬೇರೆ ಏನೇನೋ ಮಾತಾಡಿ, ಎದ್ದು ಬರುವ ಹೊತ್ತಿಗೆ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ನೋಟೀಸು ತಡೆದದ್ದು, ಸರ್ವಾನುಮತ ಅಂತ ಬರೆದದ್ದು, ಎಲ್ಲವನ್ನೂ. ಅವರು ಸೂರು ನೋಡುತ್ತಾ ಕೇಳಿಸಿಕೊಂಡರು.

"ಗೊತ್ತು ಮಾರಾಯ. ಆ ಅಧ್ಯಕ್ಷ ನಿನ್ನ ಕೈಲಿ ಏನು ಬರೆಸಿರ್ತಾನೆ ಅಂತ ನನಗೆ ತಿಳಿಯದಾ? ಅದಕ್ಕೇ ಅಲ್ವಾ ಎದ್ದು ಆಚೆ ಹೋಗಿದ್ದು. ಒಳಗಿದ್ದು ಕಿವಿಗೆ ಬಿದ್ರೆ ಪ್ರಶ್ನೆ ಕೇಳದೇ ಇರೋಕೆ ನನ್ನ ಕೈಲಿ ಆಗ್ತಿರಲಿಲ್ಲ. ಕೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು. ನಿನ್ನ ಹೆಂಡತಿ ಆಗಿನ್ನೂ ಬಾಣಂತಿ."

ನಾಳೆಯೇ ಹೋಗಿ ಆ ಪುಟ ತಿದ್ದುತ್ತೇನೆ ಅಂದೆ. ಮಾವ ಕತ್ತು ತಿರುಗಿಸಿ ನನ್ನನ್ನು ಹಳೆಯ ಅಧ್ಯಕ್ಷರುಗಳನ್ನು ನೋಡುತ್ತಿದ್ದಂತೆಯೇ ನೋಡಿದರು. ಮಹಾಸಭೆ ಅಂಗೀಕರಿಸಿದ ನಡಾವಳಿಯನ್ನು ಗುಮಾಸ್ತ ತಿದ್ದುವ ಹಾಗಿಲ್ಲ ಅಂದರು.

ಅವರ ಮಗಳು ಗಂಜಿ ತಂದಿಟ್ಟು ಹೋದಳು. ಬಟ್ಟಲು ಹಿಡಿಯಲು ಅವರ ಕೈಯಲ್ಲಿ ತ್ರಾಣವಿರಲಿಲ್ಲ. ತಲೆ ಎತ್ತಿ ನನ್ನ ತೋಳಿಗೆ ಒರಗಿಸಿಕೊಂಡು ಚಮಚದಲ್ಲಿ ಕುಡಿಸಿದೆ. ಎಷ್ಟು ಹಗುರವಾಗಿದ್ದರು! ಗಲ್ಲಕ್ಕೆ ಇಳಿದದ್ದನ್ನು ಒರೆಸುವಾಗ, ಸಣ್ಣ ದನಿಯಲ್ಲಿ, ನೀನು ಉಂಡೆಯೇನೋ ಅಂತ ಕೇಳಿದರು.